ಒಂಬತ್ತು ಅಂಕಣ ತುಂಬಿದ್ದು

ತರೀಕೆರೆಯಲ್ಲಿ ತಾಲ್ಲೂಕು ಬೋರ್ಡಿನವರೂ ಸ್ಕೂಲ್ ಬೋರ್ಡಿನವರೂ ಒಂದೇ ಮೇಜಿನ ಎರಡು ಕಡೆ ಕೂತ ಆ ದಿನ ನಾನು ಅಲ್ಲಿ ಇಲ್ಲದೆ ಹೋಗಿದ್ದರೆ ಈ ಸೀಮೆಯಲ್ಲಿ ಇವತ್ತಿಗೂ ಒಬ್ಬರಿಗೂ ಎರಡರ ಮಗ್ಗಿ ಬರುತ್ತಿರಲಿಲ್ಲ. ಇದು ಜಂಬವಲ್ಲ. ನಮ್ಮ ಹುಣಸೇಹಟ್ಟಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಇಬ್ಬರು ಮೂವರನ್ನು ಬಿಟ್ಟು ಎಲ್ಲರೂ ಒಪ್ಪುತ್ತಾರೆ. ಆ ಇಬ್ಬರು ಮೂವರು ಯಾರೆಂದೂ ನನಗೆ ಗೊತ್ತು.

ಸಾವಿರದ ಒಂಬೈನೂರ ಅರವತ್ತನೇ ಇಸವಿ. ಪಂಚಾಯ್ತಿಗೆ ಹೊಸ ಕಾನೂನು ಬಂದು ಊರಿಗೊಬ್ಬ ಅಧ್ಯಕ್ಷ ಚಿಗುರಿದ್ದ ಕಾಲ. ಮೇಷ್ಟ್ರು, ಪಾಠ, ಪುಸ್ತಕ ಸ್ಕೂಲ್ ಬೋರ್ಡಿನ ಜವಾಬ್ದಾರಿ. ಗೋಡೆ, ಹೆಂಚು ತಾಲ್ಲೂಕು ಬೋರ್ಡಿನದು. ನೆಲ, ಮಣ್ಣು, ಬೆವರು ಪಂಚಾಯ್ತಿಯದು. ಅಲ್ಲಿಯವರೆಗೆ ಈ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಾದ್ದರಿಂದ ಮೇಷ್ಟ್ರು ಬಂದ ಊರಿಗೆ ಗೋಡೆ ಬರುತ್ತಿರಲಿಲ್ಲ, ಗೋಡೆ ಎದ್ದ ಊರಿಗೆ ಮೇಷ್ಟ್ರು ಬರುತ್ತಿರಲಿಲ್ಲ. ಇನ್ನು ಮೇಲೆ ಎಲ್ಲರೂ ಕೂಡಿ ಕೂತು ಯೋಜನೆ ಮಾಡಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಅದಕ್ಕೇ ಆ ಸಭೆ. ನಮ್ಮ ಭಾಗದ ಎರಡು ಊರು ಒಂದು ಮಿಡ್ಲ್ ಸ್ಕೂಲಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದವು. ಒಂದು ನಮ್ಮದು. ಇನ್ನೊಂದು ಹಳ್ಳದ ಆಚೆಯ ಗುಂಡಿಹಳ್ಳಿ. ಆ ಊರಿನ ಬಗ್ಗೆ ನಾನು ಕೆಟ್ಟದ್ದೇನೂ ಹೇಳುವುದಿಲ್ಲ. ಅಲ್ಲಿನ ನೀರು ಕುಡಿದರೆ ಎತ್ತು ಕೂಡ ಸುಳ್ಳು ಹೇಳುತ್ತದೆ ಎಂದಷ್ಟೇ ಹೇಳಿ ಬಿಡುತ್ತೇನೆ.

ನಮ್ಮ ಅಧ್ಯಕ್ಷ ದೊಡ್ಡಬೀರಪ್ಪ. ಹೆಸರಿಗೆ ತಕ್ಕ ಆಳು. ಅವನು ಊರಲ್ಲಿ ಪಿಸುಮಾತಾಡಿದರೆ ಶಿವನಿ ಸ್ಟೇಷನ್ನಿನಲ್ಲಿ ಗಾರ್ಡು ಬೆಚ್ಚಿ ಹಸಿರು ಬಾವುಟ ತೋರಿಸಿಬಿಡುತ್ತಿದ್ದ. ಆದರೆ ಈ ಶಾಲೆ ಬೇಕಿದ್ದದ್ದು ಅವನಿಗಿಂತ ಹೆಚ್ಚಾಗಿ ಅವನ ಅಕ್ಕ ಹುಚ್ಚಮ್ಮನಿಗೆ. ಹುಚ್ಚಮ್ಮನ ಮೊಮ್ಮಗಳು ಅಂಬಮ್ಮ ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ್ದಳು, ಮುಂದಿನ ಕ್ಲಾಸು ಅಜ್ಜಂಪುರದಲ್ಲಿ. ಅವಳ ಅಪ್ಪ, ಅಂದರೆ ಹುಚ್ಚಮ್ಮನ ಮಗ ಕೆಂಚಪ್ಪ, ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುವ ಪೈಕಿಯಲ್ಲ. ಹಿರೇನಲ್ಲೂರಿನಲ್ಲಿ ಒಂದು ಗಂಡು ನೋಡಿಟ್ಟಿದ್ದ. ಹುಚ್ಚಮ್ಮ ಮೂರು ದಿನ ಅನ್ನ ಬಿಟ್ಟ ಮೇಲೆ ಅರಳಿಕಟ್ಟೆಯ ಮುಂದೆ ನಾಲ್ಕು ಜನರ ಎದುರು ಒಂದು ಮಾತು ಕೊಟ್ಟ.

"ಈ ವರ್ಸ ನಮ್ಮೂರಿಗೇ ಇಸ್ಕೂಲು ಬಂದ್ರೆ ಓದ್ಲಿ. ಬರ್ಲಿಲ್ಲಾಂದ್ರೆ ದೀಪಾವಳಿ ಕಳೆದು ಲಗ್ನ. ಆಮೇಲೆ ನೀನು ಅನ್ನ ಬಿಟ್ರೂ ಅಷ್ಟೆ, ನೀರು ಬಿಟ್ರೂ ಅಷ್ಟೆ ಕಣವ್ವ."

ಹುಚ್ಚಮ್ಮ ಅವತ್ತೇ ತನ್ನ ಪಾಲಿನ ತೆಂಗಿನ ತೋಟದ ಪಕ್ಕದ ಹೊಲವನ್ನು ಶಾಲೆಗೆಂದು ಪಂಚಾಯ್ತಿಗೆ ಬಿಟ್ಟುಕೊಟ್ಟಳು. ಅವಳ ತಮ್ಮನೂ ನಾನೂ ಬಸ್ಸು ಹತ್ತಿ ತರೀಕೆರೆಗೆ ಹೋದೆವು.

ಸಭೆಯಲ್ಲಿ ಮಾತಾಡಿದವರು ಸ್ಕೂಲ್ ಬೋರ್ಡಿನ ಕಡೆಯ ಇನ್‌ಸ್ಪೆಕ್ಟರ್ ರಂಗಯ್ಯನವರು. ಕಡೂರಿನವರು, ಬಿಳಿ ಕೋಟು, ಕನ್ನಡದ ಮೇಲೆ ವಿಪರೀತ ಅಭಿಮಾನ. ಅವರ ಬಾಯಿಂದ ಒಂದು ಇಂಗ್ಲಿಷ್ ಮಾತು ಉದುರುತ್ತಿರಲಿಲ್ಲ. ರೈಲಿಗೆ ಅವರು ಏನೆನ್ನುತ್ತಿದ್ದರೋ, ಕೇಳಲು ನಮಗೆ ಧೈರ್ಯ ಬರಲಿಲ್ಲ. ಜವಾನ ಎಲ್ಲರಿಗೂ ಒಂದೊಂದು ಇಂಗ್ಲಿಷ್ ಕಾಗದ ಹಂಚಿದ. ಸಭೆಗೆ ಬಂದದ್ದಕ್ಕೆ ಗುರುತು ಇರಬೇಕೆಂದುಕೊಂಡು ಬೀರಪ್ಪ ಅದನ್ನು ಮಡಿಸಿ ರುಮಾಲಿಗೆ ಸಿಕ್ಕಿಸಿಕೊಂಡ. ಆಗ ರಂಗಯ್ಯನವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಯುಗಾದಿಯ ಒಳಗೆ ಪಂಚಾಯ್ತಿಯವರು ಒಂಬತ್ತು ಅಂಕಣಗಳನ್ನೂ ಪೂರ್ತಿಯಾಗಿ ತುಂಬಿ ಒಪ್ಪಿಸಬೇಕು. ಒಂದು ಅಂಕಣ ಖಾಲಿ ಉಳಿದರೂ ಆ ಊರಿಗೆ ಶಾಲೆ ಇಲ್ಲ."

ನಮ್ಮ ಕಡೆ ಮನೆ ಅಳೆಯುವುದೇ ಅಂಕಣದಲ್ಲಿ. ಕಂಬದಿಂದ ಕಂಬಕ್ಕೆ ಒಂದಂಕಣ. ಬಡವನ ಮನೆ ಎರಡಂಕಣ, ಸಾಹುಕಾರನದು ಐದು. ಪಾಯ ಎಬ್ಬಿಸಿ, ಒಳಗೆ ಮಣ್ಣು ಸುರಿದು, ದಿಮ್ಮಸು ಹೊಡೆದು ಗಟ್ಟಿ ಮಾಡುವುದಕ್ಕೆ ಅಂಕಣ ತುಂಬುವುದು ಅನ್ನುತ್ತೇವೆ. ನಾವು ಮೂರಂಕಣದ ಶಾಲೆ ಕೇಳಿದರೆ ಸರ್ಕಾರ ಒಂಬತ್ತಂಕಣದ್ದು ಕಟ್ಟಿಸುತ್ತೇನೆ ಅನ್ನುತ್ತಿದೆ! ಅರಮನೆಯ ಕುದುರೆ ಲಾಯಕ್ಕೂ ಅಷ್ಟು ಅಂಕಣ ಇತ್ತೋ ಇಲ್ಲವೋ.

"ಅಂಕಣಗಳು ಸ್ವಚ್ಛವಾಗಿರಬೇಕು" ಎಂದರು ರಂಗಯ್ಯನವರು. "ಹೊಡೆದುಹಾಕಿದ್ದು, ಮೇಲೆ ತಿದ್ದಿದ್ದು ಕಾಣಕೂಡದು. ಕೊನೆಯ ಅಂಕಣದಲ್ಲಿ ಅಧ್ಯಕ್ಷರ ರುಜು ಇರಬೇಕು. ಇಂಥವು ಮೂರು ಪ್ರತಿ ಬೇಕು."

ಬೀರಪ್ಪ ಕೂತಲ್ಲೇ ಬೆವೆತ. ನನ್ನ ತೊಡೆ ಹಿಡಿದು ಹಿಂಡಿದ, ಆ ಗುರುತು ಇನ್ನೂ ಇದೆ.

"ಮೂರಂತೆ ಕಣೋ ಈರಾ! ಇಂತಾವು ಮೂರು!"

"ಎದ್ದು ಹೇಳು ಬೀರಣ್ಣ" ಎಂದೆ. "ಸುಮ್ಕಿದ್ರೆ ಊರೇ ಮಣ್ಣು ಹೊತ್ತು ಸತ್ತೋಗುತ್ತೆ."

ಬೀರಪ್ಪ ಎದ್ದು ಕೈಮುಗಿದ. "ಸ್ವಾಮಿ, ಬಡ ಪಂಚಾಯ್ತಿ. ಮೂರು ನಮ್ ಕೈಲಾಗಲ್ಲ. ಒಂದು ಮಾಡಿ ಕೊಡ್ತೀವಿ."

ರಂಗಯ್ಯನವರು ದೊಡ್ಡ ಮನಸ್ಸಿನಿಂದ ನಕ್ಕರು. "ಆಗಲಿ, ಒಂದೇ ಕೊಡಿ. ಉಳಿದ ಎರಡು ನಮ್ಮ ಗುಮಾಸ್ತರು ಮಾಡಿಕೊಳ್ಳುತ್ತಾರೆ."

ಆ ಗುಮಾಸ್ತರನ್ನು ನಾವು ತಿರುಗಿ ನೋಡಿದೆವು. ಕಡ್ಡಿಯಂಥ ಇಬ್ಬರು ಮನುಷ್ಯರು, ಒಬ್ಬನಿಗೆ ಕೆಮ್ಮು ಬೇರೆ. ಇವರು ಹದಿನೆಂಟು ಅಂಕಣ ತುಂಬುತ್ತಾರಂತೆ! ಹೆದರಿಕೆಯಿಂದ ನಾವು ಅವರಿಗೂ ಕೈಮುಗಿದು ಹೊರಗೆ ಬಂದೆವು.

ಊರಿಗೆ ಬಂದು ಸುದ್ದಿ ಹೇಳಿದಾಗ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಗಾರೆ ಕೆಲಸದ ಕಲ್ಲಪ್ಪ ದಾರ ಹಿಡಿದು ಅಳೆಯುತ್ತಾ ಹೋದವನು ವಾಪಸು ಬರುವಷ್ಟರಲ್ಲಿ ಗಡ್ಡ ಬಂದಿತ್ತು. ಪಕ್ಕದ ಹೊಲದ ತಿಮ್ಮಕ್ಕನ ಬಣವೆ ಜಾಗ ಬಿಟ್ಟಿತು, ಕೆಂಚಪ್ಪನದೇ ಎತ್ತಿನ ಗೊಂತು ಹಿಂದೆ ಸರಿಯಿತು. ಗುದ್ದಲಿಪೂಜೆಯ ಕುಂಕುಮ ಕಟ್ಟಲು ಕಾಗದ ಬೇಕಾಯಿತು. ಬೀರಪ್ಪ ರುಮಾಲಿನಿಂದ ತರೀಕೆರೆಯ ಆ ಇಂಗ್ಲಿಷ್ ಕಾಗದ ತೆಗೆದುಕೊಟ್ಟ. ಒಳ್ಳೇ ದಪ್ಪ ಕಾಗದ, ಒಂದು ಚಿಟಿಕೆಯೂ ಸೋರಲಿಲ್ಲ.

ಆಮೇಲೆ ಮಣ್ಣು. ಮನೆಗೊಂದು ಆಳು, ಮನೆಗೊಂದು ಗಾಡಿ. ಕೆರೆಯಂಗಳದಲ್ಲಿ ನಾವು ತೋಡಿದ ಗುಂಡಿ ಎಷ್ಟು ಆಳವೆಂದರೆ ಅದರ ತಳದಲ್ಲಿ ಕಿವಿ ಇಟ್ಟರೆ ಪರದೇಶದವರು ಜಗಳವಾಡುವುದು ಕೇಳಿಸುತ್ತಿತ್ತು. ದಿಮ್ಮಸಿನ ಏಟಿಗೆ ಅಜ್ಜಂಪುರದ ಹೋಟೆಲುಗಳಲ್ಲಿ ಲೋಟದ ಕಾಫಿ ತುಳುಕಿತು. ನಾನೊಬ್ಬನೇ ಹೊತ್ತ ಬುಟ್ಟಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನಿಗೆ ಏಣಿಯಾಗುತ್ತಿತ್ತು. ಅಂಬಮ್ಮ ಎಲ್ಲರಿಗಿಂತ ಮೊದಲು ಬರುತ್ತಿದ್ದಳು, ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಅದರಲ್ಲಿ ಮಾತ್ರ ನಾನು ಒಂದು ಕೂದಲೂ ಸೇರಿಸಿಲ್ಲ. ಮಣ್ಣು ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಕೆಂಪಗಾಗಿತ್ತು.

"ಸಾಕು ಹೋಗೇ, ಸೊಂಟ ಬಿದ್ದೋದಾತು" ಎಂದು ನಾನು ಹೇಳಿದರೆ ಕೇಳುತ್ತಿರಲಿಲ್ಲ.

"ಒಂದಂಕಣ ಖಾಲಿ ಉಳಿದ್ರೂ ಇಸ್ಕೂಲಿಲ್ವಂತಲ್ಲ ಚಿಕ್ಕಪ್ಪಾ. ನೀನೇ ಹೇಳ್ದೆ."

ಯುಗಾದಿಗೆ ಮುಂಚೆ ಒಂಬತ್ತನೆಯ ಅಂಕಣವೂ ತುಂಬಿತು. ಸಗಣಿ ಸಾರಿಸಿ, ಅಂಚಿಗೆ ಕೆಮ್ಮಣ್ಣು ಬಳಿದು, ಕೊನೆಯ ಅಂಕಣ ಹಸಿ ಇದ್ದಾಗಲೇ ಬೀರಪ್ಪನನ್ನು ಕರೆದೆವು. ಅವನು ಹಾರೆ ಹಿಡಿದು ಈ ಅಂಚಿನಿಂದ ಆ ಅಂಚಿನ ತನಕ ತನ್ನ ರುಜು ಕೊರೆದ. "ದೊ" ಬರೆಯುವುದರಲ್ಲೇ ಉಸಿರು ಸೋತು ಮಜ್ಜಿಗೆ ಕುಡಿದ. "ಪ್ಪ" ಮುಗಿಯುವಾಗ ಹೊತ್ತು ಮುಳುಗಿತು. ಹದ್ದುಗಳು ಮೇಲಿನಿಂದ ಅದನ್ನು ಓದಿ ಸುತ್ತು ಹೊಡೆದವು.

ಯುಗಾದಿ ಕಳೆದ ವಾರ ರಂಗಯ್ಯನವರು ಅಜ್ಜಂಪುರದಲ್ಲಿ ರೈಲಿಳಿದು ನಮ್ಮ ಗಾಡಿಯಲ್ಲಿ ಬಂದರು. ಊರ ಬಾಗಿಲಲ್ಲಿ ವಾಲಗ. ಅವರ ಮುಖ ಮಾತ್ರ ಗಂಟು.

"ಏನು ಅಧ್ಯಕ್ಷರೇ? ಯುಗಾದಿ ಕಳೆಯಿತು. ನಿಮ್ಮ ಅಂಕಣ ತುಂಬಿದ್ದೀರೋ ಇಲ್ಲವೋ?"

"ತುಂಬಿದ್ದೀವಿ ಸ್ವಾಮಿ! ಮೊಳಕಾಲುದ್ದ ತುಂಬಿದ್ದೀವಿ!"

"ಮತ್ತೆ ಯಾಕೆ ಕಳಿಸಲಿಲ್ಲ?"

ಬೀರಪ್ಪ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಕಳ್ಸೋದು ಹೆಂಗೆ ಸ್ವಾಮಿ? ಗಾಡಿ ತಡೆಯಾಕಿಲ್ಲ."

"ಗಾಡಿ ಯಾಕ್ರೀ? ಅಂಚೆಗೆ ಹಾಕಿದ್ದರೆ ಆಗುತ್ತಿತ್ತು. ಗುಂಡಿಹಳ್ಳಿಯವರನ್ನು ನೋಡಿ, ಸಭೆಯ ದಿನವೇ ತುಂಬಿ ಕೊಟ್ಟು ಹೋದರು."

ವಾಲಗದವನು ಊದುವುದನ್ನು ಅರ್ಧಕ್ಕೇ ನಿಲ್ಲಿಸಿದ.

"ಸಭೆ ದಿನವೇ?" ಬೀರಪ್ಪನ ದನಿ ಮೊದಲ ಸಲ ಸಣ್ಣದಾಯಿತು. "ಒಂಬತ್ತೂವಾ?"

"ಒಂಬತ್ತೂ. ಕಚೇರಿ ಜಗಲಿಯ ಮೇಲೆ ಕೂತು, ಟೀ ಕುಡಿಯುವಷ್ಟರಲ್ಲಿ. ಅವರ ಅಧ್ಯಕ್ಷ ಹನುಮಂತಪ್ಪ ಒಬ್ಬರೇ ತುಂಬಿದರು."

ತಿಮ್ಮಕ್ಕ "ಅಯ್ಯೋ ನಮ್ಮವ್ವಾ, ಏನೋ ಮಾಟ ಕಲ್ತವನೆ" ಎಂದು ನೆಲಕ್ಕೆ ಕುಸಿದಳು. ಕಲ್ಲಪ್ಪ ತನ್ನ ಎರಡು ಕೈಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ.

"ಬನ್ನಿ ಸ್ವಾಮಿ, ನಮ್ಮವೂ ನೋಡಿ" ಎಂದು ಬೀರಪ್ಪ ಅವರನ್ನು ಹೊಲಕ್ಕೆ ಕರೆದುಕೊಂಡು ಹೋದ.

ತೆಂಗಿನ ತೋಟದ ತಿರುವು ದಾಟಿದ ಕೂಡಲೇ ರಂಗಯ್ಯನವರ ಕೊಡೆ ಕೈಯಿಂದ ಬಿತ್ತು. ಎದುರಿಗೆ ಒಂಬತ್ತು ಅಂಕಣ, ಸಾಲಾಗಿ, ಬಿಸಿಲಲ್ಲಿ ಮಿರಮಿರ ಮಿಂಚುತ್ತಿದೆ. ಗೋಡೆಯಿಲ್ಲ, ಸೂರಿಲ್ಲ, ಬರೀ ತುಂಬಿದ ಅಂಕಣ.

"ಏನಿದು?"

"ಅಂಕಣ ಸ್ವಾಮಿ. ಹೊಡೆದುಹಾಕಿದ್ದು, ತಿದ್ದಿದ್ದು ಒಂದು ಕಂಡ್ರೆ ನನ್ನ ಕಿವಿ ಕುಯ್ಯಿ. ರುಜು ಆ ತುದೀಲೈತೆ. ಒಸಿ ದೂರ ನಿಂತು ನೋಡ್ಬೇಕು."

ರಂಗಯ್ಯನವರು ನಡೆದರು. ನಡೆದರು, ನಡೆದರು. ಒಂಬತ್ತನೆಯ ಅಂಕಣದ ಮುಂದೆ ನಿಂತು ಆ ರುಜುವನ್ನು ತಲೆ ಅತ್ತಿಂದ ಇತ್ತ ತಿರುಗಿಸಿ ಓದಿದರು. ಆಮೇಲೆ ಚೀಲಕ್ಕೆ ಕೈಹಾಕಿ ಒಂದು ಕಾಗದ ತೆಗೆದರು. ಅದೇ ಇಂಗ್ಲಿಷ್ ಕಾಗದ! ನಮ್ಮ ಕುಂಕುಮದ ಪೊಟ್ಟಣದ ಒಡಹುಟ್ಟು! ಅದರ ಮೇಲೆ ಉದ್ದಕ್ಕೆ ಗೀಟು, ಗೀಟಿನ ನಡುವೆ ಖಾಲಿ ಜಾಗ.

"ಇದು ಕಣ್ರೀ ಅಂಕಣ! ಮಕ್ಕಳೆಷ್ಟು, ನೆಲವೆಷ್ಟು, ಬಾವಿ ಇದೆಯೋ ಇಲ್ಲವೋ ಬರೆದು ತುಂಬುವ ಅಂಕಣ!"

ಬೀರಪ್ಪ ಬಗ್ಗಿ ನೋಡಿದ. "ಇದು ಕಾಲಂ ಅಲ್ವಾ ಸ್ವಾಮಿ? ಹೊಲದ ಪಹಣೀಲಿ ಇರ್ತದಲ್ಲ, ಕಾಲಂ?"

"ಕಾಲಂ ಇಂಗ್ಲಿಷು. ಕನ್ನಡದಲ್ಲಿ ಅಂಕಣ."

"ನಾವು ಕನ್ನಡದೋರು ಸ್ವಾಮಿ. ನಾವು ಕಾಲಂ ಅಂತೀವಿ."

ಯಾರೂ ನಗಲಿಲ್ಲ. ಈಗ ನೆನೆಸಿಕೊಂಡರೆ ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬರುತ್ತದೆ, ಆವತ್ತು ಮಾತ್ರ ಬಾಯಲ್ಲಿ ಬರೀ ಮಣ್ಣಿನ ರುಚಿ. ರಂಗಯ್ಯನವರು ತಲೆ ಎತ್ತದೆ ಹೇಳಿದರು: "ಶಾಲೆ ಗುಂಡಿಹಳ್ಳಿಗೆ ಮಂಜೂರಾಗಿ ಹೋಯಿತು. ಆಜ್ಞೆ ಬೆಂಗಳೂರಿನಿಂದ ಬಂದಿದೆ."

ಕೆಂಚಪ್ಪ ಹೆಗಲ ಮೇಲಿನ ಟವಲು ಕೊಡವಿದ. "ಸರಿ ಹಂಗಾರೆ. ಹಿರೇನಲ್ಲೂರಿಗೆ ಹೇಳಿ ಕಳಿಸ್ತೀನಿ."

ಅಂಬಮ್ಮ ಮೂರನೆಯ ಅಂಕಣದ ಅಂಚಿಗೆ ಕೂತಿದ್ದಳು. ಅಳಲಿಲ್ಲ. ಕೆಮ್ಮಣ್ಣು ಬಳಿದ ಅಂಚಿನಿಂದ ಒಂದು ಹೆಂಟೆ ಎದ್ದಿತ್ತು, ಅದನ್ನು ಬೆರಳಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದಳು. ರಂಗಯ್ಯನವರು ಅದನ್ನು ನೋಡಿದರು. ಯಾರ ಮಗು, ಏನು ಎತ್ತ ಎಂದು ಹುಚ್ಚಮ್ಮನನ್ನು ಕೇಳಿದರು. ಹುಚ್ಚಮ್ಮ ಹೇಳಿದಳು, ಮಾತಿಗಿಂತ ಬೈಗುಳ ಜಾಸ್ತಿ. ಅಷ್ಟನ್ನೂ ಅವರು ನಿಂತು ಕೇಳಿಸಿಕೊಂಡು, ನೀರು ಕೂಡ ಕುಡಿಯದೆ ಗಾಡಿ ಹತ್ತಿದರು.

ಮುಂದಿನ ತಿಂಗಳು ಎರಡು ಬೋರ್ಡೂ ತರೀಕೆರೆಯಲ್ಲಿ ಮತ್ತೆ ಕೂತವು. ಅಲ್ಲಿ ನಾನು ಗುಡುಗಿದ್ದರಿಂದಲೇ ಎಲ್ಲ ಸರಿಹೋಯಿತು ಎನ್ನುತ್ತೇನೆ. ರಂಗಯ್ಯನವರೂ ಎರಡು ಮಾತಾಡಿದರು ಅನ್ನಿ. ತಾಲ್ಲೂಕು ಬೋರ್ಡಿನ ಓವರ್ಸಿಯರ್ ಗುಂಡಿಹಳ್ಳಿಗೆ ಹೋಗಿ ನೋಡಿಕೊಂಡು ಬಂದಿದ್ದ. ಹನುಮಂತಪ್ಪ "ಕಟ್ಟಡ ಇದೆ" ಎಂದು ತುಂಬಿದ್ದ ಜಾಗದಲ್ಲಿ ಮಾಡು ಕುಸಿದ ಚಾವಡಿ, ಚಾವಡಿಯೊಳಗೆ ಒಂದು ಎಮ್ಮೆ, ಎಮ್ಮೆಗೆ ಓವರ್ಸಿಯರನ ಮೇಲೆ ಕೋಪ. ಅಲ್ಲಿ ಕಾಗದ ತುಂಬಿತ್ತು, ನೆಲ ಖಾಲಿ. ಇಲ್ಲಿ ನೆಲ ತುಂಬಿತ್ತು, ಕಾಗದ ಖಾಲಿ. ಮಂಜೂರಾದ ಹೆಸರು ಬದಲಿಸಬೇಕಾದರೆ ಬೆಂಗಳೂರಿನ ತನಕ ಹೋಗಬೇಕು, ಅಷ್ಟರಲ್ಲಿ ಶಾಲೆಯೇ ಕೈಬಿಟ್ಟುಹೋಗುತ್ತದೆ. ಕೊನೆಗೆ ಎರಡು ಬೋರ್ಡೂ ಸೇರಿ ಒಂದು ತೀರ್ಮಾನ ಮಾಡಿದವು. ಅದನ್ನು ಕೇಳಿ ಬೀರಪ್ಪ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಶಾಲೆ ನಡೆಯುವುದು ಹುಣಸೇಹಟ್ಟಿಯಲ್ಲಿ. ಮೂರು ಅಂಕಣಕ್ಕೆ ಗೋಡೆ, ಹೆಂಚು ತಾಲ್ಲೂಕು ಬೋರ್ಡಿನಿಂದ. ಮೇಷ್ಟ್ರು ಸ್ಕೂಲ್ ಬೋರ್ಡಿನಿಂದ. ಆದರೆ ಹೆಸರು, ಆಜ್ಞೆಯಲ್ಲಿ ಇದ್ದ ಹಾಗೆ, ಗುಂಡಿಹಳ್ಳಿ ಸರ್ಕಾರಿ ಮಾಧ್ಯಮಿಕ ಶಾಲೆ. ಆ ಹಲಗೆ ತೂಗುಹಾಕಿದ ದಿನ ಶಾಲೆ ಶುರು. ಹಾಕದಿದ್ದರೆ ಮೇಷ್ಟ್ರು ಬೇರೆ ಊರಿಗೆ.

ಊರು ಕುದಿಯಿತು. ಗೋಡೆ ಎದ್ದವು, ಹೆಂಚು ಏರಿತು, ಬಾಗಿಲ ಮೇಲಿನ ಜಾಗ ಮಾತ್ರ ಬೋಳು. ಮುಂಗಾರಿನ ಮೊದಲ ಮೋಡ ಕಟ್ಟಿದ ದಿನ ರಂಗಯ್ಯನವರು ಹೊಸ ಮೇಷ್ಟ್ರನ್ನು ಕರೆದುಕೊಂಡು ಬಂದರು. ಅವರ ಹಿಂದೆಯೇ ಒಂದು ಗಾಡಿ. ಗಾಡಿಯ ಮೇಲೆ ಮದುಮಗನ ಹಾಗೆ ಹನುಮಂತಪ್ಪ, ಅವನ ತೊಡೆಯ ಮೇಲೆ ಮದುಮಗಳ ಹಾಗೆ ಹಲಗೆ. ಅಕ್ಷರ ಒಂದೊಂದೂ ಕುಂಬಳಕಾಯಿ ಗಾತ್ರ.

"ಏನಪ್ಪಾ ಬೀರಪ್ಪ" ಎಂದ ಹನುಮಂತಪ್ಪ, "ನಮ್ಮಿಸ್ಕೂಲು ಚೆಂದಾಗಿ ಕಟ್ಟಿದ್ದೀಯ ಕಣಯ್ಯ."

"ಲೇ, ಗಾಡಿ ತಿರುಗಿಸ್ಕಂಡು ಹೋಗು! ನಮ್ಮ ಅಂಕಣದ ಮೇಲೆ ನಿಮ್ಮೂರ ಹೆಸರಾ? ನನ್ನ ಹೆಣದ ಮೇಲೆ ಹಾಕು!"

ಊರೆಲ್ಲ ಹೌದೆಂದಿತು. ನಾನೂ ಕೂಗಿದೆ, ಎಲ್ಲರಿಗಿಂತ ಜೋರಾಗಿ. ರಂಗಯ್ಯನವರು ಗಡಿಯಾರ ನೋಡಿಕೊಂಡರು. ಮೇಷ್ಟ್ರು ತಮ್ಮ ಟ್ರಂಕು ಗಾಡಿಯಿಂದ ಇಳಿಸಲೋ ಬೇಡವೋ ಎಂದು ಅರ್ಧಕ್ಕೆ ಹಿಡಿದು ನಿಂತರು. ಆ ಗದ್ದಲದಲ್ಲಿ ಕೆಂಚಪ್ಪ ಮೆಲ್ಲಗೆ ತನ್ನ ಅವ್ವನ ಹತ್ತಿರ ಬಂದ.

"ನಾನು ಅಂದಿದ್ದು ನಮ್ಮೂರ ಇಸ್ಕೂಲು. ಇದು ಹೆಸರಲ್ಲಿ ಗುಂಡಿಹಳ್ಳೀದು. ನನ್ನ ಮಾತು ನಾನು ತಪ್ಪಿಲ್ಲ ಕಣವ್ವ."

ಹುಚ್ಚಮ್ಮ ಅವನನ್ನು ನೋಡಿದಳು.

"ನೆಲ ಯಾರದ್ಲಾ?"

"ನಿಂದು."

"ಮಣ್ಣು ಹೊತ್ತೋಳು ಯಾರ್ಲಾ?"

ಹುಚ್ಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಗಾಡಿಗೆ ಹೋಗಿ ಹನುಮಂತಪ್ಪನ ತೊಡೆಯ ಮೇಲಿನಿಂದ ಆ ಹಲಗೆ ಕಿತ್ತುಕೊಂಡಳು. ಮುರಿದೇಬಿಡುತ್ತಾಳೆ ಎಂದುಕೊಂಡೆವು. ಹನುಮಂತಪ್ಪ ಕೈ ಅಡ್ಡ ಹಿಡಿದ. ಅವಳು ಹಲಗೆ ತಲೆಯ ಮೇಲಿಟ್ಟುಕೊಂಡು ಬಂದು ಬಾಗಿಲಿಗೆ ಏಣಿ ಒರಗಿಸಿದಳು. ಕಲ್ಲಪ್ಪನ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು. ಆ ವಯಸ್ಸಿನಲ್ಲಿ ಏಣಿ ಹತ್ತಿಯೇಬಿಟ್ಟಳು.

"ಅಕ್ಕಾ!" ಬೀರಪ್ಪನ ಕೂಗಿಗೆ ಹೊಸ ಹೆಂಚು ಗಲಗಲ ಎಂದವು. "ಆ ಹಲಗೆ ಹೊಡೆದ್ರೆ ನಾನು ಈ ಊರಲ್ಲಿರಾಕಿಲ್ಲ!"

"ಸಂಜೀಕೆ ಬಸ್ಸೈತೆ ಕಣಪ್ಪ" ಎಂದಳು ಹುಚ್ಚಮ್ಮ, ಮೊಳೆ ಬಾಯಲ್ಲಿ ಕಚ್ಚಿಕೊಂಡೇ. "ಈಗ ಏಣಿ ಹಿಡ್ಕ. ಅಲ್ಲಾಡ್ತೈತೆ."

ಏಣಿ ನಿಜವಾಗಿಯೂ ಅಲ್ಲಾಡುತ್ತಿತ್ತು. ಬೀರಪ್ಪ ಅಧ್ಯಕ್ಷನಾಗಿ ಒಂದು ಕ್ಷಣ ನಿಂತ, ಆಮೇಲೆ ತಮ್ಮನಾಗಿ ಓಡಿ ಹೋಗಿ ಏಣಿ ಹಿಡಿದ. ಮೇಲಿನಿಂದ ಒಂದೊಂದು ಏಟಿಗೂ ಅವನು ಕಣ್ಣು ಮುಚ್ಚುತ್ತಿದ್ದ, ಮೊಳೆ ತನ್ನ ನೆತ್ತಿಗೇ ಇಳಿಯುತ್ತಿದೆಯೇನೋ ಅನ್ನುವ ಹಾಗೆ. ಹಲಗೆ ಕೂತಿತು, ಸ್ವಲ್ಪ ಸೊಟ್ಟಗೆ.

ಹನುಮಂತಪ್ಪನಿಗೂ ನಗು ಮರೆತುಹೋಗಿತ್ತು. ರಂಗಯ್ಯನವರು ಅಂಬಮ್ಮನನ್ನು ಕರೆದು ಬಾಗಿಲ ಮುಂದೆ ನಿಲ್ಲಿಸಿದರು.

"ಮೇಲೇನು ಬರೆದಿದೆ, ಓದು ಮಗು."

ಅಂಬಮ್ಮ ತಲೆ ಎತ್ತಿ ಓದಿದಳು. ಒಂದು ಒತ್ತಕ್ಷರ ತಪ್ಪಲಿಲ್ಲ. "ಗುಂಡಿಹಳ್ಳಿ" ಎಂದಾಗ ಹೆಂಗಸರ ಕಡೆಯಿಂದ "ಶಿವನೇ" ಎಂದು ಕೇಳಿಸಿತು.

"ಒಸಿ ಮೆಲ್ಲಗೆ ಓದೇ" ಎಂದ ಬೀರಪ್ಪ, ಏಣಿ ಬಿಡದೆ.

"ಇಲ್ಲ, ಇನ್ನೊಮ್ಮೆ" ಎಂದರು ರಂಗಯ್ಯನವರು. "ಜೋರಾಗಿ."

ಅವಳು ತನ್ನ ಅಪ್ಪನನ್ನು ನೋಡಿದಳು. ಕೆಂಚಪ್ಪ ಬಾಯಿ ತೆರೆದುಕೊಂಡು ಮಗಳನ್ನೇ ನೋಡುತ್ತಿದ್ದ. ಅವಳು ಓದುವುದನ್ನು ಅವನು ಯಾವತ್ತೂ ಕೇಳಿರಲಿಲ್ಲ, ಅವನಿಗೆ ಓದೂ ಬಾರದು. ಅವಳು ಇನ್ನೊಮ್ಮೆ ಓದಿದಳು. ಈ ಸಲದ ದನಿ ಗುಂಡಿಹಳ್ಳಿಯ ಆ ಎಮ್ಮೆಗೂ ಮುಟ್ಟಿರಬೇಕು.

ಹೊಸ ಮೇಷ್ಟ್ರು ಟ್ರಂಕು ಇಳಿಸಿ, ಅದರ ಮೇಲೇ ಕೂತು, ಲೇಖನಿ ತೆಗೆದರು. "ಮೊದಲು ಈ ಮಗುವಿನ ಹೆಸರೇ ಬರೆಯೋಣ. ಯಾರು ಸೇರಿಸುವವರು?"

ಎಲ್ಲರೂ ಹುಚ್ಚಮ್ಮನ ಕಡೆ ತಿರುಗಿದರು. ಅವಳು ಏಣಿಯ ಮೇಲೇ ಇದ್ದಳು, ಸುತ್ತಿಗೆ ಕೈಯಲ್ಲೇ ಇತ್ತು. ಕೆಂಚಪ್ಪ ಟವಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಅಂಬಮ್ಮ" ಎಂದ. "ಕೆಂಚಪ್ಪನ ಮಗಳು."

"ಊರು?"

ಕೆಂಚಪ್ಪ ಬಾಯಿ ತೆರೆಯುವಷ್ಟರಲ್ಲಿ ಏಣಿಯ ಬುಡದಿಂದ ದೊಡ್ಡಬೀರಪ್ಪನ ದನಿ ಬಂತು. ಮೇಷ್ಟ್ರ ಕೈಯಿಂದ ಲೇಖನಿ ಹಾರಿ ಎರಡನೆಯ ಅಂಕಣಕ್ಕೆ ಬಿತ್ತು.

"ಹುಣಸೇಹಟ್ಟಿ! ದಪ್ಪಗೆ ಬರ್ಕಳಿ ಸ್ವಾಮಿ!"